ಹೊಸ ಕೆರೆ

ಕೋಲು ಚೆನ್ನಾಗಿದೆ. ಎಷ್ಟಾಯ್ತು?
ಬೇಡ, ಹೇಳಬೇಡ, ಹೊಟ್ಟೆ ಉರಿಯುತ್ತೆ.
ಮೊದಲು ಅದನ್ನ ಮಡಚಿಡು.
ಗೊತ್ತಿಲ್ಲದ ಕೆರೆಗೆ ಬಂದ ದಿನ
ನೀರಿಗೆ ಮೊದಲು ಗಾಳ ಬೀಳಬಾರದು,
ಕಣ್ಣು ಬೀಳಬೇಕು.

ಏರಿ ಮೇಲೆ ನಡಿ, ಈ ತುದಿಯಿಂದ ಆ ತುದಿಗೆ,
ವಾಕಿಂಗಿನವರಿಗೆ ಎದುರಾಗಿ. ಗುರಾಯಿಸ್ತಾರೆ, ಗುರಾಯಿಸಲಿ.
ಏರಿ ಕಡೆ ಆಳ, ಅಂಗಳದ ಕಡೆ ಮೊಣಕಾಲುದ್ದ.
ಕಟ್ಟಿದವರೇ ಹೇಳಿ ಹೋಗಿದ್ದಾರೆ, ಕೇಳೋರಿಲ್ಲ.
ತೂಬಿನ ಕಲ್ಲು ಎರಡು ನಿಂತಿವೆ ನೋಡು,
ಒಂದರ ಮೇಲೆ ನೀರುಕಾಗೆ ರೆಕ್ಕೆ ಒಣಗಿಸ್ತಿದೆ.
ಸುಮ್ಮನೆ ಕೂತಿಲ್ಲ ಅದು,
ಉಂಡು ಕೂತಿದೆ.

ರಾಜಕಾಲುವೆ ಬಂದು ಸೇರೋ ಮೂಲೆಯಲ್ಲಿ
ನೊರೆ ಇದ್ದರೆ ಅತ್ತ ಹೋಗಬೇಡ.
ಅಲ್ಲಿರೋದು ಮೀಸೆಯ ಕ್ಯಾಟ್‌ಫಿಶ್ ಒಂದೇ,
ಅದಕ್ಕೆ ಒಳ್ಳೆ ನೀರೂ ಬೇಡ, ನಾಚಿಕೆಯೂ ಬೇಡ.

ಯಾರನ್ನಾದರೂ ಕೇಳು.
ಗಾಳ ಹಿಡಿದವರನ್ನ ಮಾತ್ರ ಕೇಳಬೇಡ, ಸುಳ್ಳು ಹೇಳ್ತಾರೆ.
ನಾನೂ ಹೇಳ್ತೀನಿ.
ಅಗೋ ಚಿಕ್ಕಪಿಳ್ಳಮ್ಮ,
ಸೊಂಟದ ತನಕ ಇಳಿದು ಹೊನಗೊನ್ನೆ ಕೊಯ್ತಾಳೆ.
ಎಲ್ಲಿ ಕೆಸರು ಕಾಲು ನುಂಗುತ್ತೆ,
ಎಲ್ಲಿ ಮುಳುಗಿದ ಬಾವಿಯ ತಣ್ಣನೆ ನೀರು,
ಎಲ್ಲಿ ತೊಡೆಗೆ ಏನೋ ಬಡಿದು ಹೋಯ್ತು,
ಎಲ್ಲಾ ಅವಳ ಕಾಲಿಗೆ ಗೊತ್ತು.
ಒಂದು ಕಟ್ಟು ಸೊಪ್ಪು ಕೊಂಡು ಆಮೇಲೆ ಕೇಳು.

ದಾರದ ವಿಷಯ ನನ್ನ ಕೇಳು.
ಇಪ್ಪತ್ತೆರಡು ವರ್ಷ ಗಾರ್ಮೆಂಟ್ಸು, ಕಾಲರ್ ಸೆಕ್ಷನ್ನು.
ದಾರ ತುಂಡಾಗೋಕೆ ಮುಂಚೆ
ಬೆರಳಿಗೆ ಸುದ್ದಿ ಬರುತ್ತೆ.
ಜಿಲೇಬಿ ಕುಟುಕುತ್ತೆ, ನಮ್ಮ ಸೂಪರ್‌ವೈಸರ್ ಥರ,
ಮೇಲಿಂದ ಮೇಲೆ, ಕಾರಣ ಇಲ್ಲದೆ.
ಕಾಟ್ಲಾ ಎಳೆಯೋದಿಲ್ಲ, ಬೆಂಡನ್ನ ಮೆಲ್ಲಗೆ ಎತ್ತುತ್ತೆ,
ಮಲಗಿದ ಮಗು ತಲೆ ಎತ್ತಿದ ಹಾಗೆ.
ಕೊರಮೀನು ಒಂದೇ ಸಲ ಹೊಡೆಯುತ್ತೆ,
ಎದೆ ಧಸಕ್ಕನ್ನುತ್ತೆ. ಆಗ ಎಳೀಬೇಡ.
ಒಂದು, ಎರಡು, ಮೂರು ಎಣಿಸು.
ಕಪ್ಪೆಮರಿ ಗಂಟಲಿಗೆ ಇಳಿಯಲಿ.
ಎಣಿಸೋಕೆ ಆಗದೋರು ಮೀನಂಗಡಿಗೆ ಹೋಗಬೇಕು.

ಇನ್ನೊಂದು. ಆ ಜೊಂಡಿನ ಪಕ್ಕ ನೋಡು,
ಅಲ್ಲಲ್ಲ, ಪ್ಲಾಸ್ಟಿಕ್ ಬಾಟಲಿಯಿಂದ ಈಚೆ.
ಅಂಗೈಯಗಲ ನೀರು ಸಣ್ಣಗೆ ಕುದೀತಿದೆ,
ಕುಂಕುಮ ಚೆಲ್ಲಿದ ಹಾಗೆ ಕೆಂಪು.
ಮರಿಗಳು ಅವು, ಕೊರಮೀನಿನವು.
ಕೆಳಗೆ ಅಪ್ಪ ಅಮ್ಮ ಇಬ್ಬರೂ ಇದ್ದಾರೆ.
ಅಲ್ಲಿ ಏನೆಸೆದರೂ ಕಚ್ಚುತ್ತವೆ,
ಬರೀ ಗಾಳ, ಕಡ್ಡಿ, ಚಪ್ಪಲಿ ತುಂಡು.
ಹಸಿವಿಗಲ್ಲ.

ಕಾಮಾಕ್ಷಿಪಾಳ್ಯ ಬಿಟ್ಟು ಮನೆ ಬದಲಿಸಿದ ವರ್ಷ,
ಬೇರೆ ಕೆರೆ, ಯಾರೂ ಗುರುತಿಲ್ಲದ ಕೆರೆ,
ಒಂದು ಸಲ ಎಸೆದೆ.
ಎರಡು ಕೆಜಿ. ಎಣಿಸೋ ಅಗತ್ಯವೇ ಬರಲಿಲ್ಲ.
ಚೀಲಕ್ಕೆ ಹಾಕಿ ತಿರುಗಿ ನೋಡಿದರೆ
ಜಿಲೇಬಿಗಳು ಬಂದಿದ್ದವು.
ಅಂಗೈಯಗಲ ಇದ್ದದ್ದು ಬಳೆಯಗಲ ಆಯ್ತು,
ಆಮೇಲೆ ಎಂಟಾಣೆಯಗಲ.
ನನಗೆ ಬಸ್ಸಿಗೆ ಹೊತ್ತಾಗಿತ್ತು.
ಸಾರು ಚೆನ್ನಾಗಿತ್ತು.
ಅದೇ ಕಷ್ಟ.

ಸರಿ, ಈಗ ಬಿಚ್ಚು ಕೋಲು.
ಇಲ್ಲಲ್ಲ ಮಾರಾಯ, ಇದು ನನ್ನ ಜಾಗ.
ಆ ಅತ್ತಿಮರದ ಕೆಳಗೆ ಹೋಗು,
ನೆರಳು ಏರಿ ಕಡೆ ಬೀಳದ ಹಾಗೆ ಕೂತ್ಕೋ.
ಹಣ್ಣು ನೀರಿಗೆ ಉದುರೋ ಸದ್ದಿಗೆ
ದೊಡ್ಡ ರೋಹು ಬರುತ್ತೆ ಅಂತಾರೆ.
ನಾನು ನೋಡಿಲ್ಲ.
ಸದ್ದು ಕೇಳಿದ್ದೀನಿ.